ಹಲ್ಲು ಕೀಳಿಸಿಕೊಂಡು ಬಂದ ಬೆಕ್ಕಿನ ಆರೈಕೆ

ಬೆಕ್ಕಿನ ಹಲ್ಲು ಕೀಳುವುದು ವೈದ್ಯರ ಕೆಲಸ; ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲಿನ ಹದಿನೈದು ದಿನ ಮನೆಯವರದು, ಕೆಡುವುದು ಹೆಚ್ಚಾಗಿ ಆಗಲೇ. ಕಳೆದ ಮೂರು ಮಳೆಗಾಲಗಳಲ್ಲಿ ತೀರ್ಥಹಳ್ಳಿ ಸುತ್ತಿನ ನೆಂಟರಿಷ್ಟರ ಮನೆಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಮನೆಯಲ್ಲಿ ಔಷಧಿಯನ್ನು ಹಾಲಿಗೆ ಬೆರೆಸಿಟ್ಟರು, ಬೆಕ್ಕು ಹಾಲನ್ನೇ ಬಿಟ್ಟಿತು. ಇನ್ನೊಂದು ಮನೆಯಲ್ಲಿ ತಲೆ ಮೇಲೆತ್ತಿ ಸಿರಿಂಜಿನಿಂದ ಗಂಟಲಿಗೇ ಔಷಧಿ ಹಾರಿಸಿದರು. ಕೆಮ್ಮು ಹತ್ತಿ ನ್ಯುಮೋನಿಯಾಕ್ಕೆ ತಿರುಗಿತು. ಮೂರನೆಯ ಮನೆಯ ಬೆಕ್ಕು ಉಳಿಯಲೇ ಇಲ್ಲ. ಅದರ ವಿಷಯ ಮುಂದೆ ಬರುತ್ತದೆ.

ನಮ್ಮ ಕೆಂಚನಿಗೆ ಎಂಟು ವರ್ಷ. ಕಳೆದ ಆಷಾಢದಲ್ಲಿ ಶಿವಮೊಗ್ಗದಲ್ಲಿ ಅವನ ಏಳು ಹಲ್ಲು ತೆಗೆಸಿದೆವು. ದೊಡ್ಡ ಬೆಕ್ಕಿನ ಬಾಯಲ್ಲಿ ಇರುವುದು ಮೂವತ್ತು ಹಲ್ಲು. ಅದರಲ್ಲಿ ಏಳಕ್ಕೆ ಬುಡದಿಂದಲೇ ಕರಗುವ ರೋಗ ಹತ್ತಿತ್ತು. ಬೆಕ್ಕುಗಳಲ್ಲಿ ಇದು ಸಾಮಾನ್ಯ. ನೋವನ್ನು ಅವು ಎಷ್ಟು ಚೆನ್ನಾಗಿ ಮುಚ್ಚಿಡುತ್ತವೆ ಎಂದರೆ, ತಿನ್ನುವಾಗ ಒಂದೇ ಕಡೆಗೆ ತಲೆ ವಾಲಿಸುತ್ತಿದ್ದುದನ್ನು ಬಿಟ್ಟರೆ ನಮಗೆ ಬೇರೆ ಯಾವ ಸುಳಿವೂ ಸಿಕ್ಕಿರಲಿಲ್ಲ.

ಆಸ್ಪತ್ರೆಯಿಂದ ಹೊರಡುವ ಮೊದಲು

ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ: ಯಾವ ಬದಿಯ ಯಾವ ಹಲ್ಲು ತೆಗೆದಿದ್ದಾರೆ, ಹೊಲಿಗೆ ತಾನಾಗಿ ಕರಗುವುದೋ ತೆಗೆಸಬೇಕೋ, ನೋವಿನ ಇಂಜೆಕ್ಷನ್ ಕೊನೆಯ ಬಾರಿ ಕೊಟ್ಟದ್ದು ಎಷ್ಟು ಗಂಟೆಗೆ, ಪ್ರತಿ ಔಷಧಿ ಎಷ್ಟು ಮಿಲಿಲೀಟರ್. 'ಅರ್ಧ ಚಮಚ' ಎಂಬ ಲೆಕ್ಕವನ್ನು ಒಪ್ಪಿಕೊಳ್ಳಬೇಡಿ; ನಾಲ್ಕು ಕಿಲೋ ತೂಕದ ಪ್ರಾಣಿಗೆ ಚಮಚದ ಅಳತೆ ಸಲ್ಲದು. ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಕೇಳಿ. ಜೋರು ಮಳೆಗೆ ನಮ್ಮ ಕಡೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಆದ್ದರಿಂದ ಯಾರ ಮನೆಯ ಅಂಗಳದಲ್ಲಿ ಸಿಗುತ್ತದೆ ಎಂದು ಮೊದಲೇ ತಿಳಿದಿಟ್ಟುಕೊಂಡಿರಿ.

ದಾರಿಯಲ್ಲಿ ಬೆಕ್ಕನ್ನು ಮಗ್ಗುಲಾಗಿ ಮಲಗಿಸಿ. ಕತ್ತು ಮಡಚಿಕೊಂಡಿರದಂತೆ, ಮೂಗು ಬಟ್ಟೆಯಲ್ಲಿ ಹೂತುಹೋಗದಂತೆ ಆಗಾಗ ನೋಡುತ್ತಿರಿ. ಕೆಂಚ ಮಂಡಗದ್ದೆ ದಾಟುವ ಹೊತ್ತಿಗೆ ಕಾಲು ಆಡಿಸತೊಡಗಿದ್ದ.

ಮೊದಲ ರಾತ್ರಿ

ಬೆಕ್ಕಿನ ಮೈಬಿಸಿ ಸಹಜವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅರಿವಳಿಕೆಯಲ್ಲಿ ಅದು ಇಳಿಯುತ್ತದೆ, ಮಲೆನಾಡಿನ ಮಳೆಗಾಲದ ರಾತ್ರಿಯಲ್ಲಿ ಮತ್ತೆ ಏರಲು ತಡವಾಗುತ್ತದೆ. ಆದ್ದರಿಂದ ಬೆಚ್ಚಗಿನ ಒಂದು ಸಣ್ಣ ಕೋಣೆ ಬೇಕು. ನೆಲದ ಮೇಲೆ ಅಗಲವಾದ ಹೆಡಿಗೆ ಇಟ್ಟು, ಹಳೆಯ ಕಂಬಳಿ ಹಾಸಿ, ಬಿಸಿನೀರಿನ ಬಾಟಲಿಗೆ ಎರಡು ಸುತ್ತು ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿ ಮಾತ್ರ ಇಡಿ. ಸೆಖೆಯಾದರೆ ಬೆಕ್ಕು ಸರಿದುಕೊಳ್ಳಲು ಜಾಗ ಉಳಿದಿರಬೇಕು.

ನಮ್ಮ ಮನೆಗಳಲ್ಲಿ ದೊಡ್ಡ ಅಪಾಯ ಬಚ್ಚಲ ಒಲೆ. ಚಳಿಗೆ ಬೆಕ್ಕುಗಳೆಲ್ಲ ಅಲ್ಲಿಗೇ ಹೋಗಿ ಬೂದಿಯ ಪಕ್ಕ ಮಲಗುತ್ತವೆ. ಕಾಲು ನಿಲ್ಲದ ಬೆಕ್ಕು ಕೆಂಡಕ್ಕೆ ಬಿದ್ದರೆ ಎದ್ದು ಬರಲಾರದು. ಬಚ್ಚಲ ಬಾಗಿಲು ಹಾಕಿ, ಅಟ್ಟದ ಏಣಿ ತೆಗೆದಿಡಿ, ಕಿಟಕಿ ಮುಚ್ಚಿ. ಮಾರನೆಯ ಬೆಳಿಗ್ಗೆ ಅಮಲು ಇಳಿದ ಮೇಲೂ ಗೋಡೆಗೆ, ಮಂಚದ ಕಾಲಿಗೆ ಹಾಯುತ್ತಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ. ಶಸ್ತ್ರಚಿಕಿತ್ಸೆಯ ವೇಳೆ ಬಾಯಿ ಬಹಳ ಹೊತ್ತು ತೀರ ಅಗಲವಾಗಿ ತೆರೆದಿದ್ದರೆ ಕಣ್ಣು ಮತ್ತು ಮಿದುಳಿಗೆ ಹೋಗುವ ರಕ್ತನಾಳ ಅಮುಕಿ ದೃಷ್ಟಿ ಹೋಗುವುದುಂಟು.

ನೆಲ ಒರೆಸಲು ಬರಿ ಬಿಸಿನೀರು ಸಾಕು. ಫಿನೈಲ್ ಹಾಕಬೇಡಿ, ಬೆಕ್ಕು ಪಾದ ನೆಕ್ಕಿಕೊಂಡಾಗ ಅದು ಹೊಟ್ಟೆಗೆ ಹೋಗುತ್ತದೆ, ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ.

ಔಷಧಿ ಕುಡಿಸುವುದು

ಎಲ್ಲರೂ ಎಡವುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಓದಿ.

ಆಹಾರಕ್ಕೆ ಔಷಧಿ ಬೆರೆಸುವ ಯೋಚನೆಯನ್ನು ಬಿಡಿ. ಬೆಕ್ಕು ವಾಸನೆ ಹಿಡಿಯುತ್ತದೆ, ಆಮೇಲೆ ಆ ಆಹಾರವನ್ನೇ ಮುಟ್ಟುವುದಿಲ್ಲ. ಅರ್ಧ ತಿಂದು ಬಿಟ್ಟರೆ ಎಷ್ಟು ಔಷಧಿ ಹೊಟ್ಟೆಗೆ ಹೋಯಿತು ಎಂಬ ಲೆಕ್ಕವೂ ನಿಮಗೆ ಸಿಗುವುದಿಲ್ಲ. ದ್ರವರೂಪದ ಔಷಧಿಯನ್ನೇ ಕೇಳಿ ಪಡೆಯಿರಿ. ಸೂಜಿ ಇಲ್ಲದ ಒಂದು ಮಿಲಿಲೀಟರಿನ ಸಿರಿಂಜು ಯಾವ ಮೆಡಿಕಲ್ ಅಂಗಡಿಯಲ್ಲೂ ಕೆಲವೇ ರೂಪಾಯಿಗೆ ಸಿಗುತ್ತದೆ. ಬಾಟಲಿಯ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳದ ಅಳತೆ ಇದಕ್ಕೆ ಆಗಿಬರುವುದಿಲ್ಲ. ಔಷಧಿ ಎಳೆದುಕೊಂಡ ಮೇಲೆ ಗಾಳಿಗುಳ್ಳೆ ಹೊರಹಾಕಿ ಅಳತೆಯನ್ನು ಮತ್ತೊಮ್ಮೆ ನೋಡಿ. ಸಿರಿಂಜನ್ನು ಎರಡು ನಿಮಿಷ ಅಂಗೈಯಲ್ಲಿ ಹಿಡಿದಿರಿ. ತಣ್ಣಗಿನ ದ್ರವ ಗಾಯದ ವಸಡಿಗೆ ತಾಗಿದರೆ ಬೆಕ್ಕು ಜಿಗಿಯುತ್ತದೆ.

ಈಗ ಬೆಕ್ಕನ್ನು ಹಿಡಿಯುವ ಬಗೆ. ಹಳೆಯ ಹತ್ತಿ ಟವೆಲಿನಲ್ಲಿ, ಹಸುಗೂಸನ್ನು ಸುತ್ತುವ ಹಾಗೆ, ಮುಂಗಾಲು ಎರಡೂ ಒಳಗಿರುವಂತೆ ಸುತ್ತಿ. ಕುತ್ತಿಗೆಯ ಹತ್ತಿರ ಎರಡು ಬೆರಳು ಆಡುವಷ್ಟು ಸಡಿಲ ಇರಲಿ. ಗೋಡೆಗೆ ಒರಗಿ ನೆಲದ ಮೇಲೆ ಕುಳಿತು, ಬೆಕ್ಕನ್ನು ನಿಮ್ಮ ಮೊಣಕಾಲುಗಳ ನಡುವೆ ಕೂರಿಸಿಕೊಳ್ಳಿ. ಅದರ ಬೆನ್ನು ನಿಮ್ಮ ಹೊಟ್ಟೆಯ ಕಡೆಗಿರಲಿ. ಎದುರಿಗೆ ಕುಳಿತು ಮುಖದ ಮೇಲೆ ಕೈ ತಂದರೆ ಯಾವ ಬೆಕ್ಕೂ ಹೆದರುತ್ತದೆ. ಕತ್ತಿನ ತೊಗಲು ಹಿಡಿದು ಎತ್ತುವುದು ಬೇಡವೇ ಬೇಡ.

ಎಡಗೈಯನ್ನು ಹಿಂದಿನಿಂದ ತಲೆಯ ಮೇಲೆ ತಂದು, ಹೆಬ್ಬೆರಳು ಮತ್ತು ಮಧ್ಯದ ಬೆರಳನ್ನು ಕಣ್ಣಿನ ಕೆಳಗಿನ ಕೆನ್ನೆಯ ಮೂಳೆಗಳ ಮೇಲೆ ಮೆತ್ತಗೆ ಇಡಿ. ದವಡೆಯನ್ನು ಒತ್ತಬೇಡಿ. ಬಾಯಿಯನ್ನು ಬಿಡಿಸಲು ಹೋಗಲೇಬೇಡಿ. ಹೊಲಿಗೆ ಹರಿಯುವುದು ಹೀಗೆಯೇ. ಬಾಯಿ ಮುಚ್ಚಿಕೊಂಡೇ ಇರಲಿ. ಹಲ್ಲು ತೆಗೆಯದ ಬದಿಯಲ್ಲಿ ಬಾಯಿಯ ಮೂಲೆಯ ತುಟಿಯನ್ನು ಸ್ವಲ್ಪ ಸರಿಸಿದರೆ ಕೋರೆಹಲ್ಲಿನ ಹಿಂದೆ ಒಂದು ಸಂದು ಕಾಣುತ್ತದೆ. ಸಿರಿಂಜಿನ ತುದಿ ಅಲ್ಲಿ ಅರ್ಧ ಬೆರಳಗಲ ಒಳಗೆ ಹೋದರೆ ಸಾಕು. ತುದಿ ಎದುರಿನ ಕೆನ್ನೆಯನ್ನು ನೋಡುತ್ತಿರಬೇಕು, ಗಂಟಲನ್ನಲ್ಲ.

ತಲೆ ಸಮವಾಗಿರಲಿ. ಗಲ್ಲ ಮೇಲೆತ್ತಿದರೆ ಔಷಧಿ ಶ್ವಾಸನಾಳಕ್ಕೆ ಇಳಿಯುತ್ತದೆ. ನಾನು ಮೊದಲು ಹೇಳಿದ ಎರಡನೆಯ ಮನೆಯಲ್ಲಿ ಆದದ್ದು ಇದೇ. ಕಾಲು ಮಿಲಿಲೀಟರಿನಷ್ಟು ಬಿಟ್ಟು ನಿಲ್ಲಿಸಿ. ನಾಲಿಗೆ ಆಡಬೇಕು, ಗಂಟಲು ಒಮ್ಮೆ ಏರಿ ಇಳಿಯಬೇಕು. ನುಂಗಿದ್ದು ಖಚಿತವಾದ ಮೇಲೆ ಮತ್ತೆ ಅಷ್ಟೇ. ಕೆಮ್ಮಿದರೆ ಟವೆಲ್ ಸಡಿಲಿಸಿ, ತಲೆ ಕೆಳಗೆ ಬಾಗಲು ಬಿಡಿ, ಕೆಮ್ಮು ನಿಂತು ಉಸಿರು ಹದಕ್ಕೆ ಬರುವವರೆಗೆ ಕಾಯಿರಿ. ಕಹಿ ಔಷಧಿಗೆ ಕೆಲವು ಬೆಕ್ಕುಗಳು ಬಾಯ್ತುಂಬ ನೊರೆ ಕಾರುತ್ತವೆ. ಅದು ವಿಷದ ಲಕ್ಷಣವಲ್ಲ, ಹೆದರಬೇಡಿ. ಆದರೆ ಉಗುಳಿತೆಂದು ಅಂದಾಜಿನ ಮೇಲೆ ಇನ್ನೊಂದು ಸಲ ಕೊಡಬೇಡಿ, ಫೋನ್ ಮಾಡಿ ಕೇಳಿ.

ಮಾತ್ರೆಯೇ ಗತಿ ಎಂದಾದರೆ, ವೈದ್ಯರನ್ನು ಕೇಳಿ ತುಂಡರಿಸಿ, ಬಟಾಣಿ ಗಾತ್ರದ ಬೆಣ್ಣೆಯುಂಡೆಯಲ್ಲಿ ಹುದುಗಿಸಿ ಕೊಡಿ. ಮನೆಯ ಬೆಣ್ಣೆಗಿಂತ ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ಅದರ ಹಿಂದೆಯೇ, ಮೇಲೆ ಹೇಳಿದ ಕ್ರಮದಲ್ಲಿ, ಐದಾರು ಮಿಲಿಲೀಟರ್ ನೀರು ತಪ್ಪದೆ ಕುಡಿಸಿ. ಡಾಕ್ಸಿಸೈಕ್ಲಿನ್, ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಗಳು ಒಣಗಿದ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲಿಯೇ ಸುಟ್ಟು ಹುಣ್ಣಾಗಿ, ಅನ್ನನಾಳವೇ ಕಿರಿದಾಗುತ್ತದೆ. ಹಲ್ಲಿನ ಗಾಯ ಮಾಗಿದರೂ ಆ ಬೆಕ್ಕು ನುಂಗಲಾರದೆ ನರಳುತ್ತದೆ.

ನೋವಿಗೆಂದು ಮೆಲಾಕ್ಸಿಕ್ಯಾಮ್ ಬರೆದಿದ್ದರೆ ಅದನ್ನು ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕೊಡಿ. ಬೆಕ್ಕು ಏನೂ ತಿನ್ನದೆ, ನೀರೂ ಕುಡಿಯದೆ ಇದ್ದರೆ ಕೊಡುವ ಮೊದಲು ಕೇಳಲೇಬೇಕು, ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ.

ಮನೆಯ ಕಪಾಟಿನ ಯಾವುದೂ ಬೇಡ

ಮೂರನೆಯ ಮನೆಯವರು ಪ್ರೀತಿಯಿಂದಲೇ ಮಾಡಿದ್ದು. ಬೆಕ್ಕು ನೋವಿಗೆ ಮುದುಡಿ ಕುಳಿತಿದ್ದನ್ನು ನೋಡಲಾರದೆ ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಪುಡಿ ಮಾಡಿ ಕುಡಿಸಿದರು. ಮಾರನೆಯ ದಿನಕ್ಕೆ ಅದರ ಮುಖ ಊದಿತು, ವಸಡು ಕಂದುಬಣ್ಣಕ್ಕೆ ತಿರುಗಿತು, ಉಸಿರಾಡಲಾಗದೆ ಸಂಜೆಗೆ ಹೋಯಿತು. ನಾವು ಜ್ವರಕ್ಕೆ ನುಂಗುವ ಈ ಮಾತ್ರೆಯನ್ನು ನಿರುಪದ್ರವಿಯಾಗಿಸುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ. ಅದರ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕಾಲು ಮಾತ್ರೆಯೂ ಬೇಡ, ಮಕ್ಕಳ ಸಿರಪ್ಪೂ ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೂಡ ಹಾಗೆಯೇ. ಗೊತ್ತಿಲ್ಲದೆ ಕೊಟ್ಟಿದ್ದರೆ ಬೆಳಗಾಗಲಿ ಎನ್ನದೆ ಆ ಗಳಿಗೆಯಲ್ಲೇ ವೈದ್ಯರಲ್ಲಿಗೆ ಹೊರಡಿ.

ಹಲ್ಲುನೋವಿಗೆ ನಾವು ಹಚ್ಚುವ ಲವಂಗದ ಎಣ್ಣೆಯೂ ಬೆಕ್ಕಿಗೆ ವಿಷ. ಎಳೆಮಕ್ಕಳ ವಸಡಿಗೆ ಹಚ್ಚುವ ಮರಗಟ್ಟಿಸುವ ಜೆಲ್‌ಗಳಲ್ಲಿ ಬೆಂಜೊಕೇನ್ ಇರಬಹುದು, ಅದೂ ರಕ್ತವನ್ನು ಕೆಡಿಸುತ್ತದೆ. ಅರಿಶಿನದ ಪುಡಿ ಹೊಲಿಗೆಯ ಸಂದಿಗೆ ಕಸದಂತೆ ಕೂರುತ್ತದೆ. ವೈದ್ಯರು ಬರೆಯದ ಯಾವುದನ್ನೂ ಆ ಬಾಯಿಗೆ ಹಾಕಬೇಡಿ.

ಊಟ

ಮೊದಲ ರಾತ್ರಿ, ಬೆಕ್ಕು ನೆಟ್ಟಗೆ ಕೂರುವಂತಾದ ಮೇಲೆ, ಒಂದು ಚಮಚ. ಅಷ್ಟೇ.

ಮರುದಿನದಿಂದ ಮೂಳೆಯಿಲ್ಲದ ಕೋಳಿಮಾಂಸವನ್ನು ಬರಿ ನೀರಿನಲ್ಲಿ ಬೇಯಿಸಿ, ಬೆಂದ ನೀರಿನ ಜೊತೆಯೇ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೇರಲೇಬಾರದು. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪುರಕ್ತಕಣಗಳನ್ನು ಒಡೆಯುತ್ತವೆ. ಮೊದಲ ಮೂರು ದಿನ ನೀರುದೋಸೆ ಹಿಟ್ಟಿನ ಹದ, ಆಮೇಲೆ ಇಡ್ಲಿ ಹಿಟ್ಟಿನ ಹದ. ಮಣಿಕಟ್ಟಿನ ಮೇಲೆ ಹಾಕಿ ನೋಡಿದರೆ ಉಗುರುಬೆಚ್ಚಗಿರಬೇಕು. ಬೆಕ್ಕು ತಿನ್ನುವುದು ಮೂಗಿನಿಂದ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಊಟಕ್ಕೆ ವಾಸನೆಯಿಲ್ಲ. ದಿನಕ್ಕೆ ಐದಾರು ಬಾರಿ, ಅಂಚು ತಗ್ಗಾದ ಬಸಿಯಲ್ಲಿ, ಸ್ವಲ್ಪ ಸ್ವಲ್ಪ ಇಡಿ.

ಘಟ್ಟದ ಕೆಳಗಿನಿಂದ ಬರುವ ಬಂಗುಡೆ ಒಳ್ಳೆಯದೇ, ಬೇಯಿಸಿ ಎರಡೆರಡು ಬಾರಿ ಕೈಯಾಡಿಸಿ ಮುಳ್ಳು ತೆಗೆಯುವ ತಾಳ್ಮೆ ಇದ್ದರೆ. ಭೂತಾಯಿ ಬೇಡ, ಅದರ ಸಣ್ಣ ಮುಳ್ಳುಗಳು ಕೈಗೆ ಸಿಗುವುದಿಲ್ಲ. ಒಣಮೀನು ಉಪ್ಪಿನ ಗಟ್ಟಿ. ಅಂಗಡಿಯ ಪೊಟ್ಟಣದ ಗ್ರೇವಿ ಊಟದಲ್ಲಿ ಬೆಕ್ಕು ರಸ ನೆಕ್ಕಿ ತುಂಡುಗಳನ್ನು ಬಿಡುತ್ತದೆ, ಅದನ್ನೂ ರುಬ್ಬಿಯೇ ಕೊಡಿ. ಮಾಂಸ ಬೇಯಿಸದ ಮನೆಗಳವರು ಈ ಪೊಟ್ಟಣವನ್ನಾದರೂ ತನ್ನಿ. ಹಾಲು ಅನ್ನದಲ್ಲಿ ಗಾಯ ಮಾಗುವುದಿಲ್ಲ: ಬೆಕ್ಕಿಗೆ ಬೇಕೇ ಬೇಕಾದ ಟೌರಿನ್ ಎಂಬ ಪೋಷಕಾಂಶ ಸಿಗುವುದು ಮಾಂಸ ಮೀನುಗಳಿಂದ, ಹಾಲು ಅನೇಕ ಬೆಕ್ಕುಗಳಿಗೆ ಭೇದಿ ತರಿಸುತ್ತದೆ.

'ಹಸಿವಾದರೆ ತಾನೇ ತಿನ್ನುತ್ತದೆ' ಎಂದು ಕಾಯುವುದು ನಾಯಿಯ ವಿಷಯದಲ್ಲಿ ನಡೆದೀತು. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿ ಕಾಮಾಲೆಗೆ ತಿರುಗುತ್ತದೆ; ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಇಪ್ಪತ್ತನಾಲ್ಕು ಗಂಟೆ ಏನೂ ತಿನ್ನದಿದ್ದರೆ ಫೋನ್ ಮಾಡಿ. ಬಲವಂತವಾಗಿ ತುರುಕಬೇಡಿ.

ಏನನ್ನು ನೋಡುತ್ತಿರಬೇಕು

ಒಂದೆರಡು ದಿನ ಜೊಲ್ಲು ನಸುಗೆಂಪಾಗಿರುವುದು ಸಹಜ. ಗಂಟಲಿಗೆ ನಳಿಕೆ ಹಾಕಿದ್ದರಿಂದ ಸಣ್ಣ ಕೆಮ್ಮೂ ಇರಬಹುದು. ಕೆಂಪು ರಕ್ತ ತೊಟ್ಟಿಕ್ಕುತ್ತಿದ್ದರೆ, ಕಣ್ಣಿನ ಕೆಳಗೆ ಊತ ಏರುತ್ತಿದ್ದರೆ, ಕೆಳದವಡೆ ಜೋತುಬಿದ್ದರೆ, ಸೀನಿದಾಗ ಮೂಗಿನಿಂದ ರಕ್ತವೋ ಊಟವೋ ಬಂದರೆ, ಬಾಯಿ ತೆರೆದು ಉಸಿರಾಡಿದರೆ ತಡಮಾಡಬೇಡಿ.

ನೋವನ್ನು ಓದುವುದು ಇದಕ್ಕಿಂತ ಸೂಕ್ಷ್ಮ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಈ ಐದನ್ನು ನೋಡಬೇಕು. ಕಿವಿಗಳು ಒಂದರಿಂದೊಂದು ದೂರವಾಗಿ ಹೊರಕ್ಕೆ ತಿರುಗಿವೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗೆ ಸೆಟೆದಿದೆಯೇ, ತಲೆ ಭುಜಕ್ಕಿಂತ ಕೆಳಗೆ ಇಳಿದಿದೆಯೇ ಎಂದು. ದೂರದಿಂದ, ಮುಟ್ಟದೆ, ಮಾತಾಡಿಸದೆ ನೋಡಿ. ಕೆಂಚ ಬಸಿಯವರೆಗೂ ಬಂದು ಮೂಸಿ ತಿರುಗಿಹೋಗುತ್ತಿದ್ದ; ಹಸಿವಿದೆ, ನೋವು ಬಿಡುತ್ತಿಲ್ಲ ಎಂದು ಅದರ ಅರ್ಥ. ವೈದ್ಯರು ನೋವಿನ ಔಷಧಿಯನ್ನು ಎರಡು ದಿನ ಮುಂದುವರಿಸಿದ ಮೇಲೆ ಬಸಿ ಖಾಲಿಯಾಗತೊಡಗಿತು.

ಉಳಿದವು ಸುಲಭ: ಹೇಲಿನ ತಟ್ಟೆಗೆ ಬೂದಿ ಮರಳಿನ ಬದಲು ಹರಿದ ಪತ್ರಿಕೆ, ಬೇರೆ ಬೆಕ್ಕುಗಳಿಗೆ ಬೇರೆ ಕೋಣೆ, ಹಗ್ಗ ಎಳೆದಾಡುವ ಆಟ ಎರಡು ವಾರ ಬಂದ್, ಬಾಯಿ ಬಿಡಿಸಿ ಗಾಯ ನೋಡುವ ಕುತೂಹಲವೂ ಬಂದ್. ಪಂಜದಿಂದ ಬಾಯಿ ಕೆರೆದುಕೊಳ್ಳುತ್ತಿದ್ದರೆ ಮಾತ್ರ ಕೊರಳಿಗೆ ಕೋನ್ ಹಾಕಿಸಿ.

ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ ಮರುಪರೀಕ್ಷೆಗೆ ಕರೆದಿರುತ್ತಾರೆ. ಚೆನ್ನಾಗಿ ತಿನ್ನುತ್ತಿದೆ ಎಂದು ಅದನ್ನು ತಪ್ಪಿಸಬೇಡಿ. ಮೇಲಿನ ಕೋರೆಹಲ್ಲು ಹೋದ ಬೆಕ್ಕುಗಳಲ್ಲಿ ಕೆಳಗಿನ ಕೋರೆ ಮೇಲ್ದುಟಿಗೆ ಚುಚ್ಚಿ ಹುಣ್ಣಾಗುವುದುಂಟು, ಅದು ವೈದ್ಯರ ಕಣ್ಣಿಗೇ ಬೀಳಬೇಕು. ಅಂಗಡಿಯಲ್ಲಿ ಸಿಗುವ ಗಟ್ಟಿ ಕಾಳಿನಂಥ ಒಣ ಬೆಕ್ಕಿನಾಹಾರವನ್ನು ಅವರು ಸರಿ ಎಂದ ಮೇಲೆ, ಮೊದಲ ವಾರ ಬಿಸಿನೀರಿನಲ್ಲಿ ನೆನೆಸಿ ಕೊಡಿ. ಎಲ್ಲ ಹಲ್ಲು ತೆಗೆಸಬೇಕಾಗಿ ಬಂದವರು ನನ್ನನ್ನು ಕೇಳುವುದು ಒಂದೇ, ಇನ್ನು ಅದು ಹೇಗೆ ತಿನ್ನುತ್ತದೆ ಎಂದು. ಬೆಕ್ಕು ನಮ್ಮಂತೆ ಅಗಿದು ಅರೆಯುವ ಪ್ರಾಣಿಯಲ್ಲ. ನಾಲಿಗೆಯಿಂದ ಎಳೆದುಕೊಂಡು ನುಂಗುತ್ತದೆ, ವಸಡು ಮಾಗಿದ ಮೇಲೆ ಕಾಳನ್ನೂ ಹಾಗೆಯೇ ನುಂಗುತ್ತದೆ.