ಕಾಫಿ ಕೊಯ್ಲಿಗೆ ಹೋಗಿ ಬಂದ ಮಗು ಎಲ್ಲಿ ಕೂರಬೇಕು?

ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆ. ಐದು ತರಗತಿ, ಇಬ್ಬರು ಶಿಕ್ಷಕರು. ಶಿಕ್ಷಣ ಹಕ್ಕು ಕಾಯ್ದೆ 60 ಮಕ್ಕಳವರೆಗೆ ಇಬ್ಬರು ಸಾಕೆನ್ನುತ್ತದೆ. ತಲೆ ಎಣಿಸಿದರೆ ಸರಿಯೇ, ತರಗತಿ ಎಣಿಸಿದರೆ ಅಲ್ಲ. ನಾಲ್ಕು ಮತ್ತು ಐದನ್ನು ಮುಖ್ಯ ಶಿಕ್ಷಕರು ನೋಡಿಕೊಳ್ಳುತ್ತಾರೆ. ಒಂದರಿಂದ ಮೂರರವರೆಗಿನ ನಲಿ-ಕಲಿ ಕೊಠಡಿ ನನ್ನ ಪಾಲಿನದು. ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಂತಮ್ಮ ವೇಗದಲ್ಲಿ ಕಲಿಯುವ ಕ್ರಮ ಇದು.

ನಲಿ-ಕಲಿ 1995ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಕ್ರಮವನ್ನು ಕಂಡ ಇಲ್ಲಿನ ಶಿಕ್ಷಕರು ತಾವೇ ಕುಳಿತು ಕನ್ನಡದ ಕಾರ್ಡುಗಳನ್ನು ರೂಪಿಸಿದರು. ಅದರ ಅಗತ್ಯ ಇಲ್ಲಿಯವರಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಕಾಫಿ ಹಣ್ಣಾಗುವ ಕಾಲಕ್ಕೆ ಹಾಡಿಗಳ (ಆದಿವಾಸಿಗಳ ವಸತಿಗಳ) ಕುಟುಂಬಗಳು ಕೊಡಗಿನ ತೋಟಗಳಿಗೆ ಹೊರಡುತ್ತವೆ, ಮಕ್ಕಳೂ ಜೊತೆಗೆ ಹೋಗುತ್ತಾರೆ. ಪಠ್ಯಪುಸ್ತಕ ಹಿಡಿದು ಎಲ್ಲರಿಗೂ ಒಂದೇ ಪಾಠ ಮಾಡುತ್ತಿದ್ದರೆ, ಮರಳಿ ಬಂದ ಮಗು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು, ನಾಲ್ಕು ದಿನ ನೋಡಿ, ಶಾಲೆ ಬಿಡುತ್ತದೆ.

ನನ್ನ ಕೊಠಡಿಯಲ್ಲಿ ಬೆಂಚಿಲ್ಲ. ನೆಲದ ಮೇಲೆ ಐದು ಗುಂಪು, ಗುಂಪಿನ ಗುರುತಿಗೆ ಒಂದೊಂದು ತಟ್ಟೆ. ಮೊದಲ ತಟ್ಟೆಯವರಿಗೆ ಶಿಕ್ಷಕರ ಪೂರ್ಣ ನೆರವು ಬೇಕು, ಮುಂದೆ ಹೋದಂತೆ ಅದು ಕಡಿಮೆಯಾಗಿ ಜೊತೆಯ ಮಕ್ಕಳ ನೆರವು ಬರುತ್ತದೆ, ಕೊನೆಯದು ಸ್ವಕಲಿಕೆ. ನಾನು ಬಹುಪಾಲು ಸಮಯ ಮೊದಲ ತಟ್ಟೆಯ ಬಳಿಯೇ ಕೂರುತ್ತೇನೆ, ಮುಖ ಮಾತ್ರ ಉಳಿದವರ ಕಡೆಗಿರುತ್ತದೆ. ಎದ್ದು ಓಡಾಡುತ್ತಲೇ ಇದ್ದರೆ ಎಲ್ಲರನ್ನೂ ನೋಡಿದಂತಾಗುತ್ತದೆ, ಯಾರಿಗೂ ಕಲಿಸಿದಂತಾಗುವುದಿಲ್ಲ.

ಅಕ್ಷರಗಳ ಕ್ರಮವೂ ವರ್ಣಮಾಲೆಯದಲ್ಲ. ರ, ಗ, ಸ, ದ, ಅ ಎಂದು ಆರಂಭ. ಇಷ್ಟು ಬಂದರೆ ಸರ, ಅರಸ, ಅಗಸ ಎಂದು ಮಗು ಓದಲು ತೊಡಗುತ್ತದೆ. ಕೊಯ್ಲಿಗೆ ಹೋಗಿದ್ದ ಒಬ್ಬ ಹುಡುಗಿ ಮರಳಿದ ಬೆಳಿಗ್ಗೆ ಗೋಡೆಯ ಕಲಿಕಾ ಏಣಿಯ (ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಾಗಿ ತೋರುವ ಪಟ) ಮುಂದೆ ನಿಂತು, ತಾನು ಬಿಟ್ಟುಹೋದ ಮೆಟ್ಟಿಲಿನ ಲೋಗೋದ (ಗುರುತು ಚಿತ್ರದ) ಮೇಲೆ ಬೆರಳಿಟ್ಟು ‘ಟೀಚರ್, ನಂದು ಇದು’ ಎಂದಳು. ಅದೇ ಕಾರ್ಡು ತೆಗೆದುಕೊಟ್ಟೆ. ಅಕ್ಷರ ಅರ್ಧ ಮರೆತಿತ್ತು. ಹಿಂದಿನ ಎರಡು ಕಾರ್ಡುಗಳನ್ನು ಗೆಳತಿಯೊಬ್ಬಳು ಜೊತೆಗೆ ಕೂತು ಮಾಡಿಸಿದಳು. ಗೋಡೆಯ ಕೆಳಭಾಗದ ತನ್ನ ಕಪ್ಪುಹಲಗೆಯ ಚೌಕದಲ್ಲಿ ‘ಗರಗಸ’ ಎಂದು ಬರೆದವಳು, ಅದನ್ನು ಒರೆಸಲು ಸಂಜೆಯವರೆಗೂ ಯಾರನ್ನೂ ಬಿಡಲಿಲ್ಲ.

ಗದ್ದಲವಾಗುತ್ತದೆ, ನಿಜ. ಕಿಟಕಿಯಲ್ಲಿ ಇಣುಕಿದ ಪೋಷಕರು ‘ಪಾಠವೇ ಇಲ್ಲವೇ’ ಎಂದು ಕೇಳುತ್ತಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ದಿನ ಅವರನ್ನೇ ಒಳಗೆ ಕರೆದು, ಅವರ ಮಗುವಿನ ಪ್ರಗತಿ ನೋಟವನ್ನು (ಯಾವ ಮೆಟ್ಟಿಲು ಮುಗಿಸಿದೆ ಎಂದು ತೋರುವ ಪಟ್ಟಿಯನ್ನು) ಮಗುವಿನಿಂದಲೇ ಓದಿಸುತ್ತೇನೆ. ಆಮೇಲೆ ಆ ಪ್ರಶ್ನೆ ಬರುವುದಿಲ್ಲ.

ನನ್ನನ್ನು ಕಾಡುವುದು ನಾಲ್ಕನೇ ತರಗತಿ. ಮೂರರವರೆಗೆ ತನ್ನ ವೇಗದಲ್ಲಿ ಏರಿದ ಮಗುವಿನ ಕೈಗೆ ಜೂನ್ ತಿಂಗಳಲ್ಲಿ ಒಮ್ಮೆಲೇ ಪುಸ್ತಕ ಬರುತ್ತದೆ, ಎಲ್ಲರಿಗೂ ಒಂದೇ ಪುಟ. ಏಣಿ ಮುಗಿಸದೆ ಮೇಲೆ ಹೋದವರನ್ನು ನಾವಿಬ್ಬರೂ ಮಾತಾಡಿಕೊಂಡು ದಿನದ ಮೊದಲ ಅವಧಿಗೆ ನನ್ನ ಕೊಠಡಿಗೇ ಕಳಿಸಿಕೊಳ್ಳುತ್ತೇವೆ. ವೇಳಾಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಇರಬೇಕು, ನಮ್ಮಂಥ ಎಲ್ಲ ಶಾಲೆಗಳಲ್ಲೂ ಇರಬೇಕು ಎಂದು ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿ ಕೇಳುತ್ತಲೇ ಇದ್ದೇನೆ.