ಹಾಕಿದ ಫಿಲ್ಟರ್ ಮರಳಿ ತೆಗೆಯುವಾಗ

ಆ ಮಹಿಳೆ ನನ್ನಲ್ಲಿಗೆ ಬಂದಾಗ ಅವರ ರಕ್ತನಾಳದಲ್ಲಿ ಫಿಲ್ಟರ್, ಅಂದರೆ ರಕ್ತದ ಗಡ್ಡೆಗಳನ್ನು ತಡೆಹಿಡಿಯುವ ಸಣ್ಣ ಲೋಹದ ಬಲೆ, ಹಾಕಿ ಮೂರು ವರ್ಷ ಕಳೆದಿತ್ತು. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದಾಗಲೇ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೆಪ್ಪು ತಡೆಯುವ ಔಷಧ ಕೊಡುವಂತಿರಲಿಲ್ಲ. ಗಡ್ಡೆ ಶ್ವಾಸಕೋಶಕ್ಕೆ ಏರದಿರಲೆಂದು ಹೊಟ್ಟೆಯ ಮಹಾಭಿಧಮನಿಯಲ್ಲಿ, ಮೂತ್ರಪಿಂಡದ ನಾಳಗಳಿಗಿಂತ ಕೆಳಗೆ ಫಿಲ್ಟರ್ ಇಟ್ಟಿದ್ದರು. ಆ ನಿರ್ಧಾರ ಸರಿಯಾಗಿಯೇ ಇತ್ತು. ಆದರೆ ಅದನ್ನು ತೆಗೆಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಾಮಾನ್ಯವಾಗಿ ಇದು ಸರಳ ಕೆಲಸ. ಕುತ್ತಿಗೆಯ ಬಲಬದಿಯ ಅಭಿಧಮನಿಗೆ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕುತ್ತೇನೆ. ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆಯದೆ ಮುಂದೆ ಹೆಜ್ಜೆ ಇಡುವುದಿಲ್ಲ: ಫಿಲ್ಟರಿನೊಳಗೆ ದೊಡ್ಡ ಗಡ್ಡೆ ಸಿಕ್ಕಿಕೊಂಡಿದ್ದರೆ ಅಂದು ತೆಗೆಯುವುದಿಲ್ಲ, ಔಷಧ ಕೊಟ್ಟು ಕಾಯುತ್ತೇನೆ. ನಾಳ ಶುಭ್ರವಾಗಿದ್ದರೆ ತಂತಿಯ ಕುಣಿಕೆಯಿಂದ ತುದಿಯ ಕೊಕ್ಕೆ ಹಿಡಿದು, ಮೇಲಿನಿಂದ ಕೊಳವೆ ಇಳಿಸಿದರೆ ಫಿಲ್ಟರ್ ಮಡಿಸಿದ ಕೊಡೆಯಂತೆ ಒಳಸರಿಯುತ್ತದೆ.

ಇವರಲ್ಲಿ ಹಾಗಾಗಲಿಲ್ಲ. ಫಿಲ್ಟರ್ ವಾಲಿತ್ತು, ಕೊಕ್ಕೆ ನಾಳದ ಗೋಡೆಯೊಳಗೆ ಹುದುಗಿತ್ತು, ಅದರ ತಂತಿಯ ಕಾಲುಗಳಲ್ಲಿ ಎರಡು ಗೋಡೆ ದಾಟಿ ಹೊರಚಾಚಿದ್ದವು. ಕುಣಿಕೆ ಮತ್ತೆ ಮತ್ತೆ ಜಾರಿತು. ಬಲವಾಗಿ ಎಳೆಯಬೇಕೆಂಬ ಆಸೆಯನ್ನು ಅಲ್ಲಿಯೇ ನಿಲ್ಲಿಸಿದೆ. ನಾಳ ಹರಿಯುವುದು, ಫಿಲ್ಟರಿನ ಕಾಲು ಮುರಿದು ಹೃದಯದ ಕಡೆಗೆ ಸಾಗುವುದು, ಎರಡೂ ಆಗಬಹುದಾದವೇ. ಬಾಗಿದ ತುದಿಯ ಕ್ಯಾತಿಟರನ್ನು (ತೆಳು ಕೊಳವೆಯನ್ನು) ಫಿಲ್ಟರಿನ ಕಾಲುಗಳ ನಡುವೆ ದಾಟಿಸಿ, ತಂತಿಯನ್ನು ಮೇಲಕ್ಕೆ ತಿರುಗಿಸಿ, ಅದರ ತುದಿಯನ್ನು ಕುಣಿಕೆಯಲ್ಲಿ ಹಿಡಿದು ಹೊರತಂದೆ. ಈಗ ತಂತಿಯ ಎರಡೂ ತುದಿಗಳು ನನ್ನ ಕೈಯಲ್ಲಿದ್ದವು. ಅವನ್ನು ಬಿಗಿಹಿಡಿದು ದಪ್ಪ ಕೊಳವೆಯನ್ನು ಇಂಚಿಂಚಾಗಿ ಇಳಿಸಿದಾಗ ಗೋಡೆಯ ಹಿಡಿತ ಸಡಿಲವಾಯಿತು. ಒಂದೂವರೆ ಗಂಟೆ ಹಿಡಿಯಿತು.

ಹೊರಬಂದ ಫಿಲ್ಟರನ್ನು ಬಟ್ಟೆಯ ಮೇಲಿಟ್ಟು ಕಾಲುಗಳನ್ನು ಎಣಿಸಿದೆ. ಒಂದೂ ಮುರಿದಿರಲಿಲ್ಲ. ಮತ್ತೆ ತೆಗೆದ ಚಿತ್ರದಲ್ಲಿ ಸೋರಿಕೆಯೂ ಇರಲಿಲ್ಲ.

ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಸಂಸ್ಥೆ ಎಫ್‌ಡಿಎ, ಫಿಲ್ಟರನ್ನು ತೆಗೆಯದೆ ಬಿಡುವುದರ ಬಗ್ಗೆ 2010ರಲ್ಲಿಯೇ ಎಚ್ಚರಿಸಿತ್ತು. ಶ್ವಾಸಕೋಶದ ಅಪಾಯ ಕಳೆದವರಲ್ಲಿ ಫಿಲ್ಟರ್ ಇಟ್ಟ ನಂತರದ 29ರಿಂದ 54ನೇ ದಿನದೊಳಗೆ ತೆಗೆಯುವುದು ಲಾಭಕರ ಎಂಬ ಲೆಕ್ಕಾಚಾರವನ್ನು 2014ರಲ್ಲಿ ಮುಂದಿಟ್ಟಿತು. ಆ ಅವಧಿಯಲ್ಲಿ ಬಂದಿದ್ದರೆ ಇವರಿಗೆ ಇಷ್ಟು ನೋವು, ಇಷ್ಟು ವಿಕಿರಣ ಬೇಕಿರಲಿಲ್ಲ. ಅದು ನನ್ನನ್ನು ಇಂದಿಗೂ ಕಾಡುತ್ತದೆ. ಹಾಗಾಗಿ ಫಿಲ್ಟರ್ ಇಟ್ಟ ದಿನವೇ ಮರುಭೇಟಿಯ ದಿನಾಂಕ ಬರೆದು, ರೋಗಿಯ ಕೈಗೂ ಮನೆಯವರ ಕೈಗೂ ಒಂದೊಂದು ಪ್ರತಿ ಕೊಡುತ್ತೇನೆ. ಆ ದಿನ ಬಾರದವರಿಗೆ ನಾನೇ ಫೋನ್ ಮಾಡುತ್ತೇನೆ.