ಹಂಚಿನ ಮಾಡಿನ ಅಂಚಿಗೆ ಗಾರೆ: ಕೆರೆಯದೆ ಮೆತ್ತಬೇಡಿ

ಕರಾವಳಿ, ಮಲೆನಾಡಿನ ಹಂಚಿನ ಮನೆಯಲ್ಲಿ ನೀರು ಒಳಗಿಳಿದರೆ ಎಲ್ಲರೂ ಹುಡುಕುವುದು ಒಡೆದ ಹಂಚನ್ನು. ಹಂಚುಗಳೆಲ್ಲ ನೆಟ್ಟಗಿದ್ದೂ ಗೋಡೆಯ ತಲೆ ಒದ್ದೆಯಾಗುತ್ತಿದ್ದರೆ, ಪಕ್ಕದ ತ್ರಿಕೋನ ಗೋಡೆಯ ಮೇಲೆ ಓರೆಯಾಗಿ ಇಳಿಯುವ ಮಾಡಿನ ಅಂಚನ್ನು ನೋಡಿ. ಕೊನೆಯ ಸಾಲಿನ ಹಂಚಿಗೂ ಗೋಡೆಗೂ ನಡುವಿನ ಗಾರೆ ಬಿರುಕು ಬಿಟ್ಟು ಉದುರಿರುತ್ತದೆ. ಗಾಳಿಮಳೆ ಆ ಸಂದಿಯಿಂದ ನುಗ್ಗಿ ಮೊದಲು ಹಂಚು ಕೂರುವ ಮರದ ಪಟ್ಟಿಯಾದ ರೀಪನ್ನು, ಆಮೇಲೆ ರೀಪನ್ನು ಹೊರುವ ಓರೆ ಮರವಾದ ಪಕ್ಕಾಸನ್ನು ಕೊಳೆಸುತ್ತದೆ.

ಊರಿನಲ್ಲಿ ನಾನು ನೋಡಿದ ರಿಪೇರಿಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಹಳೆಯ ಗಾರೆಯ ಮೇಲೆಯೇ ಸಿಮೆಂಟು ಮೆತ್ತಿ, ಮೇಲೊಂದು ಕೈ ಬಣ್ಣ ಬಳಿದು ಇಳಿಯುವುದು. ಮುಂದಿನ ಮಳೆಗಾಲಕ್ಕೆ ಅದು ಹಪ್ಪಳದಂತೆ ಎದ್ದು ಬರುತ್ತದೆ.

ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿಯ ತನಕದ ದಿನಗಳು ಒಳ್ಳೆಯವು. ಏಪ್ರಿಲ್ ಬಿಸಿಲಿನಲ್ಲಿ ಗಾರೆ ಗಟ್ಟಿಯಾಗುವ ಮೊದಲೇ ಒಣಗಿ ಸೀಳುತ್ತದೆ. ಏಣಿಯನ್ನು ಮೇಲ್ಗಡೆ ಹಗ್ಗದಿಂದ ಕಟ್ಟಿ, ಕೆಳಗೆ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಪಾಚಿ ಕಟ್ಟಿದ ಹಂಚು ಒದ್ದೆಯಿದ್ದರೆ ಆ ದಿನ ಹತ್ತಲೇಬೇಡಿ.

ಇನ್ನು ಮುಖ್ಯ ಕೆಲಸ, ಹಳೆಯದನ್ನು ತೆಗೆಯುವುದು. ಸುತ್ತಿಗೆಯ ಹಿಡಿಯಿಂದ ಅಂಚಿನುದ್ದಕ್ಕೂ ಮೆಲ್ಲನೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದಲ್ಲಿ ಬಿಡಿ, ಟೊಳ್ಳು ಸದ್ದು ಬಂದಲ್ಲಿ ಗುರುತು ಹಾಕಿ. ಗುರುತಿನ ಜಾಗದಲ್ಲಿ ಸಪೂರ ಉಳಿಯನ್ನು ಓರೆಯಾಗಿ ಹಿಡಿದು, ಹಂಚಿನ ಕಡೆಯಿಂದ ಹೊರಗೆ ಬರುವಂತೆ ಹೊಡೆಯಿರಿ. ಹಂಚಿನತ್ತ ಹೊಡೆದರೆ ಅದರ ಅಂಚು ಒಡೆಯುತ್ತದೆ. ಚಕ್ರ ತಿರುಗಿಸಿ ಕತ್ತರಿಸುವ ಆಂಗಲ್ ಗ್ರೈಂಡರ್ ಯಂತ್ರ ತರಬೇಡಿ. ಕೈತಪ್ಪಿದರೆ ಹಳೆಯ ಹಂಚು ಹೋಗುತ್ತದೆ, ಅದೇ ಅಳತೆಯ ಇನ್ನೊಂದು ಸಿಗುವುದು ಕಷ್ಟ. ಕನಿಷ್ಠ ಒಂದು ಇಂಚು ಆಳಕ್ಕೆ ಹೋಗಿ. ಮೇಲಿನ ಅರ್ಧ ಇಂಚು ಕೆರೆದು ತುಂಬಿದ ಗಾರೆಗೆ ಹಿಡಿತವೇ ಇರುವುದಿಲ್ಲ. ಪಾಚಿ, ಇರುವೆ ತಂದಿಟ್ಟ ಮಣ್ಣು, ಪುಡಿ ಎಲ್ಲವನ್ನೂ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಕೊನೆಗೆ ಸಂದಿಯೊಳಗೆ ಬೆರಳಾಡಿಸಿ ನೋಡಿ. ಬೆರಳಿಗೆ ಧೂಳು ಹತ್ತಿದರೆ ಇನ್ನೊಮ್ಮೆ ಉಜ್ಜಿ. ರೀಪು ಮೆತ್ತಗಾಗಿದ್ದರೆ ಗಾರೆಗೆ ಮೊದಲು ಅದನ್ನು ಬದಲಾಯಿಸಲೇಬೇಕು.

ಈಗ ನೀರು. ಒಣ ಹಂಚು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಆಗ ಸಿಮೆಂಟು ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ. ಹಿಂದಿನ ಸಂಜೆ ಒಮ್ಮೆ, ಕೆಲಸಕ್ಕೆ ಸ್ವಲ್ಪ ಮೊದಲು ಇನ್ನೊಮ್ಮೆ ಸಂದಿಯನ್ನು ಚೆನ್ನಾಗಿ ನೆನೆಸಿ. ಗಾರೆ ತುಂಬುವ ಹೊತ್ತಿಗೆ ಮೈ ತೇವವಿರಬೇಕು, ಆದರೆ ನೀರು ಹೊಳೆಯುತ್ತಾ ನಿಂತಿರಬಾರದು.

ಅಳತೆ: ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಜರಡಿ ಹಿಡಿದ ಮರಳು. ಸಿಮೆಂಟು ಹೆಚ್ಚಿದ್ದಷ್ಟೂ ಗಟ್ಟಿ ಎಂದು ಮೇಸ್ತ್ರಿಗಳು ವಾದಿಸುತ್ತಾರೆ, ಒಪ್ಪಬೇಡಿ. ಸಿಮೆಂಟು ಹೆಚ್ಚಾದರೆ ಗಾರೆ ಕುಗ್ಗಿ ಬಿರುಕು ಬಿಡುತ್ತದೆ. ಬಿಸಿಲಿಗೆ ಹಿಗ್ಗಿ ಕುಗ್ಗುವ ಹಂಚಿನ ಜೊತೆ ಹೊಂದಿಕೊಳ್ಳುವುದಿಲ್ಲ. ಸುಣ್ಣ ಆ ಬಿಗುವನ್ನು ಸಡಿಲಿಸುತ್ತದೆ. ಸುಣ್ಣದ ಪುಡಿಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಕಲಸಿಡಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಕಡಲ ಮರಳು ಬೇಡ, ಅದರ ಉಪ್ಪು ಗೋಡೆಗೆ ಸದಾ ತೇವ ಎಳೆಯುತ್ತದೆ. ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಗಂಟೆಯೊಳಗೆ ಮುಗಿಯುವಷ್ಟನ್ನೇ ಕಲಸಿ. ಬಿಗಿದುಕೊಂಡ ಗಾರೆಗೆ ನೀರು ಬೆರೆಸಿ ಮತ್ತೆ ಬಳಸುವುದು ಕೆಲಸಗಾರರ ಹಳೆಯ ಚಾಳಿ. ಕಣ್ಣಿಗೆ ಬಿದ್ದರೆ ತಡೆಯಿರಿ.

ತುಂಬುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ. ಸಣ್ಣ ಕರಣೆಯ ತುದಿಯಿಂದ ಸ್ವಲ್ಪ ಸ್ವಲ್ಪವೇ ಒಳಕ್ಕೆ ಒತ್ತಿ, ಹಿಂದಿನ ಗಾಳಿಯೆಲ್ಲ ಹೊರಬರಲಿ. ಸಂದಿ ದೊಡ್ಡದಿದ್ದರೆ ಬರೀ ಗಾರೆ ಸುರಿಯದೆ, ನೆನೆಸಿದ ಹಂಚಿನ ಚೂರುಗಳನ್ನು ನಡುವೆ ಕೂರಿಸಿ. ಹೊರಮೈಯನ್ನು ಹಂಚಿನ ಅಂಚಿಗಿಂತ ಕೂದಲಷ್ಟು ಒಳಗೆ ನಿಲ್ಲಿಸಿ, ಹೊರಗಡೆಗೆ ಇಳಿಜಾರು ಕೊಡಿ. ಹಂಚಿನ ಮೈಮೇಲೆ ಗಾರೆ ಹತ್ತಿಸಬೇಡಿ. ಆ ತೆಳು ಪದರ ಮೊದಲು ಎದ್ದು, ಅದರಡಿಗೆ ನೀರು ಸೇರುತ್ತದೆ.

ಡಾಂಬರು, ಸಿಲಿಕೋನ್ ಟ್ಯೂಬು, ನೀರು ತಡೆಯುತ್ತದೆಂದು ಮಾರುವ ಡಬ್ಬಿಯ ಬಣ್ಣ ಯಾವುದೂ ಇಲ್ಲಿಗೆ ಬೇಡ. ಹೊರಮೈಯನ್ನು ಮುಚ್ಚಿಬಿಟ್ಟರೆ ಒಳಗೆ ಸೇರಿದ ತೇವ ಆರಲು ದಾರಿಯಿಲ್ಲದೆ ರೀಪಿನಲ್ಲೇ ನಿಲ್ಲುತ್ತದೆ.

ಕೆಲಸ ಮುಗಿದ ಮೇಲೆ ಒದ್ದೆ ಗೋಣಿಯನ್ನು ಅಂಚಿನುದ್ದಕ್ಕೂ ಹೊದಿಸಿ ಕಲ್ಲಿಟ್ಟು ನಿಲ್ಲಿಸಿ. ಏಳು ದಿನ ಗೋಣಿ ಒಣಗದಂತೆ ನೋಡಿಕೊಳ್ಳಿ. ಮಧ್ಯಾಹ್ನ ಒಮ್ಮೆ ಹೆಚ್ಚಾಗಿಯೇ ನೀರು ಚಿಮುಕಿಸಿ. ಎಂಟನೆಯ ದಿನ ಗೋಣಿ ತೆಗೆದಾಗ ಕೂದಲೆಳೆಯ ಬಿರುಕು ಕಂಡರೆ ಮೇಲೆ ಸಾರಿಸಿ ಮುಚ್ಚಬೇಡಿ, ಅಷ್ಟು ಉದ್ದವನ್ನು ಕೆತ್ತಿ ಹೊಸದಾಗಿ ತುಂಬಿ.